ನಿಕೊಡೀಮಸ್: ಸರಪಳಿ ಎಳೆದ ಚೌಕ, ಜನ ಕಟ್ಟಿದ ಟೌನ್‌ಶಿಪ್

ನಮ್ಮ ಕಡೆ ಹೊಲದ ಕ್ರಯಪತ್ರ ತೆರೆದರೆ ಚಕ್ಕುಬಂದಿ ಕಾಣುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗೋಮಾಳ. ಅಮೆರಿಕದ ಕಾನ್ಸಾಸ್ ರಾಜ್ಯದ ರೈತನ ಪತ್ರದಲ್ಲಿ ಹಳ್ಳವೂ ಇಲ್ಲ, ನೆರೆಯವನ ಹೆಸರೂ ಇಲ್ಲ. ಅಲ್ಲಿರುವುದು ಒಂದೇ ಸಾಲು: ಸೆಕ್ಷನ್ 14ರ ವಾಯವ್ಯ ಕಾಲುಭಾಗ, ಟೌನ್‌ಶಿಪ್ 8 ದಕ್ಷಿಣ, ರೇಂಜ್ 21 ಪಶ್ಚಿಮ, ಆರನೇ ಪ್ರಧಾನ ಮೆರಿಡಿಯನ್. ಇಷ್ಟು ಗೊತ್ತಿದ್ದರೆ ಆ 160 ಎಕರೆ ಭೂಮಿಯ ಮೇಲೆ ಎಲ್ಲಿದೆ ಎಂದು, ಊರನ್ನೇ ನೋಡದವನೂ ಲೆಕ್ಕ ಹಾಕಿ ಹೇಳಬಹುದು.

ಈ ಸಾಲಿನಲ್ಲಿರುವ ‘ಟೌನ್‌ಶಿಪ್’ ಎಂಬ ಪದ ಓದುಗರನ್ನು ತಪ್ಪುದಾರಿಗೆ ಎಳೆಯುತ್ತದೆ. ಬೆಂಗಳೂರಿನಲ್ಲಿ ಟೌನ್‌ಶಿಪ್ ಎಂದರೆ ಗೇಟು, ಕ್ಲಬ್ಬು, ಸಾಲು ಮನೆ. ಅಮೆರಿಕದ ಹಳ್ಳಿಗಾಡಿನಲ್ಲಿ ಅದಕ್ಕೆ ಬೇರೆ ಎರಡು ಅರ್ಥಗಳಿವೆ. ಮೊದಲನೆಯದು ಮೋಜಣಿಯ ಟೌನ್‌ಶಿಪ್: ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ, ಬರೀ ಗೆರೆ. ಎರಡನೆಯದು ಆಡಳಿತದ ಟೌನ್‌ಶಿಪ್: ಮತ ಹಾಕುವ, ತೆರಿಗೆ ಕಟ್ಟುವ, ರಸ್ತೆ ನೋಡಿಕೊಳ್ಳುವ ಜನರ ಕೂಟ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಲೇಬೇಕೆಂದಿಲ್ಲ. ವಾಯವ್ಯ ಕಾನ್ಸಾಸ್‌ನ ಗ್ರಹಾಂ ಕೌಂಟಿ ಮೂವತ್ತು ಮೈಲಿಗೆ ಮೂವತ್ತು ಮೈಲಿಯ ಚೌಕ, ಅಂದರೆ ಮೋಜಣಿಯ ಪ್ರಕಾರ 25 ಟೌನ್‌ಶಿಪ್. ಆಡಳಿತದ ಟೌನ್‌ಶಿಪ್‌ಗಳು ಮಾತ್ರ 13. ಆ ಹದಿಮೂರರಲ್ಲಿ ಒಂದು ನಿಕೊಡೀಮಸ್. 1877ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೆಂಟಕಿಯಿಂದ ಬಂದು ನೆಲೆಸಿದ ಜಾಗ. ಮೋಜಣಿಯ ಚೌಕ ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಟೌನ್‌ಶಿಪ್ ಇನ್ನೊಂದು ಸಿಗುವುದು ಕಷ್ಟ.

ಮೊದಲು ಗೆರೆಯ ಲೆಕ್ಕ. ಅಮೆರಿಕ ಸ್ವತಂತ್ರವಾದ ಹೊಸದರಲ್ಲಿ ಸರ್ಕಾರದ ಹತ್ತಿರ ದುಡ್ಡಿರಲಿಲ್ಲ, ಪಶ್ಚಿಮಕ್ಕೆ ಭೂಮಿಯಿತ್ತು. (ಅದು ಅಲ್ಲಿನ ಮೂಲನಿವಾಸಿಗಳ ಭೂಮಿ ಎಂಬುದನ್ನು ಮೋಜಣಿಯ ಕಾಗದ ಹೇಳುವುದಿಲ್ಲ.) ಮಾರಬೇಕಾದರೆ ಅಳೆಯಬೇಕು. 1785ರ ಮೇ 20ರ ಭೂ ಕಾಯಿದೆ ಆರು ಮೈಲಿಯ ಚೌಕವನ್ನೂ, ಅದರೊಳಗೆ ಒಂದೊಂದು ಮೈಲಿಯ 36 ತುಂಡುಗಳನ್ನೂ ಗೊತ್ತುಮಾಡಿತು. ಆ ತುಂಡೇ ಸೆಕ್ಷನ್, 640 ಎಕರೆ. 16ನೇ ತುಂಡು ಶಾಲೆಗೆ ಮೀಸಲು ಎಂದೂ ಅದೇ ಕಾಯಿದೆ ಬರೆಯಿತು. ಕಾನ್ಸಾಸ್‌ನ ಸರದಿ ಬರುವ ಹೊತ್ತಿಗೆ 36ನೆಯದೂ ಶಾಲೆಯ ಪಾಲಿಗೆ ಸೇರಿತ್ತು. ಶಾಲೆಯನ್ನು ಅಲ್ಲೇ ಕಟ್ಟಬೇಕೆಂದಲ್ಲ. ಆ ಜಮೀನು ಮಾರಿ ಅಥವಾ ಗುತ್ತಿಗೆಗೆ ಕೊಟ್ಟು ಬಂದ ಹಣ ಶಾಲೆಗೆ ಹೋಗುತ್ತಿತ್ತು.

ಸೆಕ್ಷನ್‌ಗಳ ಎಣಿಕೆ 1796ರ ಕಾಯಿದೆಯಿಂದ ಈಗಿನ ರೂಪಕ್ಕೆ ಬಂತು. ಈಶಾನ್ಯ ಮೂಲೆಯಲ್ಲಿ 1. ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ. ಆರರ ಕೆಳಗೇ 7, ಮತ್ತೆ ಪೂರ್ವಕ್ಕೆ 12ರವರೆಗೆ; ಹನ್ನೆರಡರ ಕೆಳಗೆ 13, ಮತ್ತೆ ಪಶ್ಚಿಮಕ್ಕೆ. ಎತ್ತು ಹೂಡಿ ಉಳುವವನು ಹೊಲದ ತುದಿಗೆ ಹೋಗಿ ತಿರುಗಿ ಬರುವ ಹಾಗೆ. ಕೊನೆಯ 36 ಆಗ್ನೇಯ ಮೂಲೆಗೆ ಬೀಳುತ್ತದೆ. ಪ್ರತಿ ಸಾಲೂ ಬಲದಿಂದಲೇ ಶುರುವಾಗುತ್ತದೆ ಎಂದುಕೊಂಡು ನಕ್ಷೆ ನೋಡುವವರು 7ರ ಬದಲು 12ನ್ನು ಹಿಡಿದು, ಐದು ಮೈಲಿ ಆಚೆಯ ಹೊಲ ನೋಡಿ ಬರುತ್ತಾರೆ.

ಇನ್ನು ಚೌಕದ ವಿಳಾಸ. ಕಾನ್ಸಾಸ್ ಮತ್ತು ನೆಬ್ರಾಸ್ಕಾ ನಡುವಿನ ಗಡಿಯಾದ 40 ಡಿಗ್ರಿ ಉತ್ತರ ಅಕ್ಷಾಂಶವೇ ಇಲ್ಲಿ ಅಡಿಗೆರೆ. ಮಿಸೌರಿ ನದಿಯಿಂದ ಆ ಗೆರೆಯ ಗುಂಟ 108 ಮೈಲಿ ಪಶ್ಚಿಮಕ್ಕೆ ಹೋದರೆ ಆರನೇ ಪ್ರಧಾನ ಮೆರಿಡಿಯನ್ ಎಂಬ ಉತ್ತರ–ದಕ್ಷಿಣ ಗೆರೆ ಸಿಗುತ್ತದೆ. ಅಡಿಗೆರೆಯಿಂದ ಎಣಿಸಿದ ಚೌಕದ ಸಂಖ್ಯೆ ಟೌನ್‌ಶಿಪ್, ಮೆರಿಡಿಯನ್ನಿನಿಂದ ಎಣಿಸಿದ್ದು ರೇಂಜ್. ನಿಕೊಡೀಮಸ್ ಊರು ಅಡಿಗೆರೆಯಿಂದ ದಕ್ಷಿಣಕ್ಕೆ ಸುಮಾರು 42 ಮೈಲಿ, ಮೆರಿಡಿಯನ್ನಿನಿಂದ ಪಶ್ಚಿಮಕ್ಕೆ ಸುಮಾರು 120 ಮೈಲಿ. ನಲವತ್ತೆರಡನ್ನು ಆರರಿಂದ ಭಾಗಿಸಿದರೆ ಏಳು ಚೌಕ ಮುಗಿದವು, ಊರು ಎಂಟನೆಯದರ ಬಾಗಿಲಲ್ಲಿದೆ. ನೂರಿಪ್ಪತ್ತನ್ನು ಭಾಗಿಸಿದರೆ ಇಪ್ಪತ್ತು ಮುಗಿದವು, ಊರು ಇಪ್ಪತ್ತೊಂದನೆಯದರ ಅಂಚಿನಲ್ಲಿದೆ. ಟೌನ್‌ಶಿಪ್ 8 ದಕ್ಷಿಣ, ರೇಂಜ್ 21 ಪಶ್ಚಿಮ. ಅದರಲ್ಲೂ ಉತ್ತರದ ಅಂಚು, ಪೂರ್ವದ ಅಂಚು ಎರಡಕ್ಕೂ ತಾಗಿರುವುದರಿಂದ ಸೆಕ್ಷನ್ 1.

ಜಮೀನಿನ ವಿವರವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು: ಮೊದಲು ಮೆರಿಡಿಯನ್, ಆಮೇಲೆ ರೇಂಜ್, ಟೌನ್‌ಶಿಪ್, ಸೆಕ್ಷನ್, ಕಟ್ಟಕಡೆಗೆ ಕಾಲುಭಾಗ. ವಿಸ್ತೀರ್ಣ ಬೇಕಾದರೆ 640ನ್ನು ಭಾಗಿಸುತ್ತ ಹೋದರೆ ಸಾಕು. ‘ಆಗ್ನೇಯ ಕಾಲುಭಾಗದ ವಾಯವ್ಯ ಕಾಲುಭಾಗ’ ಎಂದರೆ 640ರ ನಾಲ್ಕನೆಯ ಒಂದು 160, ಅದರ ನಾಲ್ಕನೆಯ ಒಂದು 40 ಎಕರೆ. ಎಡವಟ್ಟಾಗುವುದು ಒಂದು ಪ್ರತ್ಯಯದಲ್ಲಿ. ‘ಆಗ್ನೇಯ ಕಾಲುಭಾಗದ ಉತ್ತರಾರ್ಧ’ ಎಂದರೆ 80 ಎಕರೆ. ‘ಆಗ್ನೇಯ ಕಾಲುಭಾಗ ಮತ್ತು ಉತ್ತರಾರ್ಧ’ ಎಂದರೆ 160 ಮತ್ತು 320 ಸೇರಿ 480. ‘ದ’ ಇರಬೇಕಾದಲ್ಲಿ ‘ಮತ್ತು’ ಬಿದ್ದರೆ ವ್ಯಾಜ್ಯ ಶುರು.

ಅಳೆದದ್ದು ಗಂಟರ್ ಸರಪಳಿಯಲ್ಲಿ: 66 ಅಡಿ, ನೂರು ಕೊಂಡಿ, ಒಂದು ಕೊಂಡಿಗೆ 7.92 ಅಂಗುಲ. ಎಂಬತ್ತು ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ಬಯಲಿನಲ್ಲಿ ಎಳೆದಾಡಲು ಸುಲಭವೆಂದು ಅದರ ಅರ್ಧದ, 33 ಅಡಿಯ, ಐವತ್ತು ಕೊಂಡಿಯ ಸರಪಳಿಯನ್ನೂ ಬಳಸುತ್ತಿದ್ದರು. ಈ 33 ನಮಗೆ ಹೊಸದೇನಲ್ಲ. ನಮ್ಮ ಗುಂಟೆ 33 ಅಡಿಗೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. ಗಂಟರನ ಒಂದು ಚದರ ಸರಪಳಿಗೆ ನಾಲ್ಕು ಗುಂಟೆ ಸರಿಯಾಗಿ ಹೊಂದುತ್ತವೆ. ನಮ್ಮ ಹಳೆಯ ಮೋಜಣಿದಾರರು ಹದಿನಾರು ಆಣೆ ಎಂದು ಭಾಗಿಸಿಕೊಂಡು ಎಳೆದದ್ದೂ 33 ಅಡಿಯ ಸರಪಳಿಯೇ. ಬ್ರಿಟಿಷರ ಅಳತೆ ಎರಡೂ ಖಂಡಕ್ಕೆ ಹೋಯಿತು. ನಮ್ಮಲ್ಲಿ ಅದು ಮೊದಲೇ ಇದ್ದ ಹೊಲಗಳ ಅಂಕುಡೊಂಕನ್ನು ಅಳೆಯಿತು, ಅಲ್ಲಿ ಹೊಲ ಹುಟ್ಟುವ ಮೊದಲೇ ಗೆರೆ ಹಾಕಿತು. ನನ್ನ ಮಟ್ಟಿಗೆ ಎರಡು ದೇಶಗಳ ಹಳ್ಳಿಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಒಂದು ಟೌನ್‌ಶಿಪ್ಪಿನ ಒಳಗೆರೆಗಳೇ ಅರವತ್ತು ಮೈಲಿ: ಉತ್ತರ–ದಕ್ಷಿಣ ಐದು, ಪೂರ್ವ–ಪಶ್ಚಿಮ ಐದು, ಒಂದೊಂದೂ ಆರು ಮೈಲಿ. 66 ಅಡಿಯ ಲೆಕ್ಕದಲ್ಲಿ 4,800 ಸರಪಳಿ. ಗುತ್ತಿಗೆಯವನಿಗೆ ಹಣ ಮೈಲಿಯ ಲೆಕ್ಕದಲ್ಲಿ ಬರುತ್ತಿತ್ತು, ಹಾಗಾಗಿ ಅವಸರ ಸಹಜ. ಸರಪಳಿಯ ಉಂಗುರಗಳು ಉಜ್ಜಿ ಸವೆದು ಹಿಗ್ಗುತ್ತವೆ. 66 ಅಡಿಗೆ ಒಂದೇ ಅಂಗುಲ ಹಿಗ್ಗಿದರೂ ಮೈಲಿಗೆ 80 ಅಂಗುಲ, ಅಂದರೆ ಆರು ಅಡಿ ಎಂಟು ಅಂಗುಲ ಹೆಚ್ಚು ನೆಲ ಒಳಗೆ ಸೇರುತ್ತದೆ. ಸರಪಳಿಯನ್ನು ಮಟ್ಟವಾಗಿ ಎತ್ತಿ ಹಿಡಿಯದೆ ಇಳಿಜಾರಿನ ಮೇಲೇ ಹಾಸಿದರೆ ಇದಕ್ಕೆ ಉಲ್ಟಾ, ನೆಲ ಕಮ್ಮಿ ಬೀಳುತ್ತದೆ.

ಇದೆಲ್ಲ ಮನುಷ್ಯರ ತಪ್ಪು. ಭೂಮಿಯ ಆಕಾರದ ತಪ್ಪು ಬೇರೆಯೇ ಇದೆ. ಉತ್ತರಕ್ಕೆ ಹೋದಂತೆ ಮೆರಿಡಿಯನ್‌ಗಳು ಹತ್ತಿರ ಬರುತ್ತವೆ. ನಿಕೊಡೀಮಸ್ ಇರುವ ಅಕ್ಷಾಂಶದಲ್ಲಿ ಆರು ಮೈಲಿಯ ಚೌಕದ ತಲೆಯ ಕಡೆ, ಬುಡಕ್ಕಿಂತ ಸುಮಾರು 40 ಅಡಿ ಕಿರಿದು. ಗೋಳದ ಮೇಲೆ ಚೌಕ ಕೂರುವುದಿಲ್ಲ ಎಂದು ಕಾಯಿದೆ ಬರೆದವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕೊರತೆಯನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ನಿಯಮ ಮಾಡಿದರು. ದಕ್ಷಿಣ ಮತ್ತು ಪೂರ್ವದ ಗಡಿ ಹಿಡಿದು ಒಳಗೆ ಅಳೆಯುತ್ತ ಹೋಗಿ, ಹೆಚ್ಚುಕಮ್ಮಿಯನ್ನೆಲ್ಲ ಉತ್ತರದ ಸಾಲಿಗೂ ಪಶ್ಚಿಮದ ಸಾಲಿಗೂ ತಳ್ಳುವುದು. ಹೀಗಾಗಿ 1ರಿಂದ 6 ಮತ್ತು 7, 18, 19, 30, 31 ಈ ಹನ್ನೊಂದು ಸೆಕ್ಷನ್‌ಗಳ ಹೊರ ಅಂಚಿನ ತುಂಡುಗಳು ಸರಿಯಾಗಿ 40 ಎಕರೆ ಬರುವುದಿಲ್ಲ. ಅವಕ್ಕೆ ಕಾಲುಭಾಗದ ಹೆಸರಿನ ಬದಲು ಲಾಟ್ ನಂಬರ್ ಕೊಡುತ್ತಾರೆ. ನಿಕೊಡೀಮಸ್ ಇರುವ ಸೆಕ್ಷನ್ 1 ಕೂಡ ಇದೇ ಸಾಲಿನದು.

ಕೊರತೆ ಬೆಳೆಯುತ್ತಲೇ ಹೋಗಬಾರದೆಂದು ಕಾನ್ಸಾಸ್‌ನಲ್ಲಿ ಪ್ರತಿ ಮೂವತ್ತು ಮೈಲಿಗೆ ಒಂದು ತಿದ್ದುಗೆರೆ ಹಾಕಿ, ಅಲ್ಲಿ ಆರು ಮೈಲಿಯನ್ನು ಹೊಸದಾಗಿ ಅಳೆದರು. ಗ್ರಹಾಂ ಕೌಂಟಿಯ ಉತ್ತರದ ಗಡಿ ಅಂಥದ್ದೇ ಒಂದು ಗೆರೆ. ರಸ್ತೆಗಳು ಸೆಕ್ಷನ್ ಗೆರೆಯ ಮೇಲೇ ಇರುವುದರಿಂದ, ಮೈಲಿಗಟ್ಟಲೆ ನೂಲು ಹಿಡಿದಂತೆ ಬಂದ ಮಣ್ಣುದಾರಿ ತಿದ್ದುಗೆರೆಯ ಹತ್ತಿರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜರುಗಿ ಮತ್ತೆ ನೆಟ್ಟಗಾಗುತ್ತದೆ. ರಾತ್ರಿ ವೇಗದಲ್ಲಿ ಬರುವವರು ನೇರವಾಗಿ ಗೋಧಿ ಹೊಲಕ್ಕೇ ನುಗ್ಗುವ ಜಾಗ ಇದು.

ಸೆಕ್ಷನ್ ಮೂಲೆಗಳಿಗೆ ಗುರುತು ಬೇಕು. ಕಾಡಿನ ನಾಡಿನಲ್ಲಿ ಅಕ್ಕಪಕ್ಕದ ಮರಕ್ಕೆ ಕಚ್ಚು ಹಾಕಿ ಸಾಕ್ಷಿ ಇಡುತ್ತಿದ್ದರು. ಇಲ್ಲಿ ಮರವೇ ಇಲ್ಲ. ಕಲ್ಲು ಸಿಕ್ಕ ಕಡೆ ಕಲ್ಲು, ಇಲ್ಲದ ಕಡೆ ಸುಟ್ಟು ಕಪ್ಪಾಗಿಸಿದ ಗೂಟ ಹೂತು ಮೇಲೆ ಮಣ್ಣಿನ ದಿಬ್ಬ, ಸುತ್ತ ಗುಂಡಿ. ನಮ್ಮ ಬಾಂದುಕಲ್ಲಿನಂತೆ ಇದು ಬರೀ ನಿಂತಿರುವುದಿಲ್ಲ, ಲೆಕ್ಕ ಹೇಳುತ್ತದೆ. ಟೌನ್‌ಶಿಪ್ಪಿನ ದಕ್ಷಿಣ ಗಡಿ ಎಷ್ಟು ಮೈಲಿಯೋ ಕಲ್ಲಿನ ದಕ್ಷಿಣದ ಅಂಚಿನಲ್ಲಿ ಅಷ್ಟು ಕಚ್ಚು, ಪೂರ್ವ ಗಡಿ ಎಷ್ಟು ಮೈಲಿಯೋ ಪೂರ್ವದ ಅಂಚಿನಲ್ಲಿ ಅಷ್ಟು ಕಚ್ಚು. ದಕ್ಷಿಣಕ್ಕೆ ಐದು, ಪೂರ್ವಕ್ಕೆ ಒಂದು ಇದ್ದರೆ ಅದು 1, 2, 11, 12 ಈ ನಾಲ್ಕೂ ಸೆಕ್ಷನ್ ಕೂಡುವ ಮೂಲೆ. ಕಲ್ಲು ತಪ್ಪು ಜಾಗದಲ್ಲಿ ಕೂತಿದ್ದರೆ? 1805ರ ಕಾಯಿದೆಯ ಪ್ರಕಾರ ಮೊದಲ ಮೋಜಣಿಯವನು ನೆಟ್ಟ ಮೂಲೆಯೇ ಸರಿಯಾದ ಮೂಲೆ. ಈಗಿನ ಉಪಗ್ರಹದ ಅಳತೆ ಹತ್ತು ಅಡಿ ಆಚೆ ತೋರಿಸಿದರೂ ಗೆಲ್ಲುವುದು ಕಲ್ಲು. ಕಚ್ಚಾ ಕೆಲಸಕ್ಕೆ ಕಾನೂನಿನ ಮುದ್ರೆ ಎಂದು ನಗಬಹುದು, ಆದರೆ ಗಡಿಜಗಳ ಮುಗಿಯುವುದು ಹೀಗೆಯೇ.

ಇಂಥ ಚೌಕಕ್ಕೆ ಬಂದವರು ಕೆಂಟಕಿಯವರು ಎಂಬುದು ಗಮನಿಸಬೇಕಾದ ಮಾತು. ಕೆಂಟಕಿ ಚಕ್ಕುಬಂದಿಯ ರಾಜ್ಯ. ಅಲ್ಲಿ ಗಡಿ ಎಂದರೆ ಓಕ್ ಮರ, ತೊರೆ, ಬಂಡೆ. ಒಂದೇ ನೆಲಕ್ಕೆ ಎರಡು ಮೂರು ಹಕ್ಕುಪತ್ರಗಳು ಬಿದ್ದು ಬಿಳಿಯರೇ ಜಮೀನು ಕಳೆದುಕೊಂಡದ್ದುಂಟು. ಅಬ್ರಹಾಂ ಲಿಂಕನ್ನರ ತಂದೆ 1816ರಲ್ಲಿ ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಹೋದದ್ದಕ್ಕೆ ಇದೂ ಒಂದು ಕಾರಣ. ಆ ಲಿಂಕನ್ನರೇ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ, 21 ವರ್ಷ ತುಂಬಿದವರಿಗೆ ಅಥವಾ ಮನೆಯ ಯಜಮಾನರಿಗೆ ಕಾಲು ಸೆಕ್ಷನ್ ಕೊಡುತ್ತಿತ್ತು. 160 ಎಕರೆ, ಅಂದರೆ ನಮ್ಮ ಲೆಕ್ಕದ 6,400 ಗುಂಟೆ. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕು, ಇಬ್ಬರು ಸಾಕ್ಷಿಗಳನ್ನು ತಂದು ಅದನ್ನು ರುಜುವಾತು ಮಾಡಬೇಕು. ಒಟ್ಟು ಶುಲ್ಕ 18 ಡಾಲರ್. ಕಾದಿರಲು ಆಗದವನು ಆರು ತಿಂಗಳ ವಾಸದ ಮೇಲೆ ಎಕರೆಗೆ 1.25 ಡಾಲರ್ ಕಟ್ಟಿ ಪಡೆಯಬಹುದಿತ್ತು. ಒಂಟಿ ಹೆಂಗಸು, ವಿಧವೆ ಅರ್ಜಿ ಹಾಕಬಹುದು, ಗಂಡನಿರುವವಳಿಗೆ ಅವಕಾಶವಿಲ್ಲ.

ಊರು ಅಲ್ಲೇ ಏಕೆ ಎಂಬುದಕ್ಕೂ ಚೌಕದಲ್ಲೇ ಉತ್ತರವಿದೆ. ದಕ್ಷಿಣಕ್ಕೆ ಎಲ್ಲಿಸ್ ಊರಿನ ಮೂಲಕ ಹಾದ ಕಾನ್ಸಾಸ್ ಪೆಸಿಫಿಕ್ ರೈಲು ಕಂಪನಿಗೆ ಹಳಿಯ ಎರಡೂ ಬದಿಗೆ ಇಪ್ಪತ್ತು ಮೈಲಿವರೆಗಿನ ಬೆಸ ಸಂಖ್ಯೆಯ ಸೆಕ್ಷನ್‌ಗಳನ್ನು ಸರ್ಕಾರ ಬರೆದುಕೊಟ್ಟಿತ್ತು. ಆ ಪಟ್ಟಿಯೊಳಗೆ ಉಳಿದ ಸಮ ಸಂಖ್ಯೆಯ ಸೆಕ್ಷನ್‌ನಲ್ಲೂ ಹೋಮ್‌ಸ್ಟೆಡ್ ಎಂದರೆ 1879ರವರೆಗೆ ಸಾಮಾನ್ಯವಾಗಿ 80 ಎಕರೆ ಮಾತ್ರ. ನಿಕೊಡೀಮಸ್ ಹಳಿಯಿಂದ ಮೂವತ್ತು ಮೈಲಿಗೂ ಆಚೆ. ಪುಕ್ಕಟೆ ನೆಲ ಪೂರ್ತಿ ಸಿಗುವ ಜಾಗ, ಆದರೆ ರೈಲಿನ ಸದ್ದು ಕೇಳದ ಜಾಗ. ಹತ್ತು ವರ್ಷ ಕಳೆದ ಮೇಲೆ ಇದೇ ಕುತ್ತಾಯಿತು.

1877ರ ಏಪ್ರಿಲ್‌ನಲ್ಲಿ ಕಪ್ಪು ಪಾದ್ರಿ ಡಬ್ಲ್ಯು. ಎಚ್. ಸ್ಮಿತ್ ಮತ್ತು ಬಿಳಿಯ ಭೂ ದಲ್ಲಾಳಿ ಡಬ್ಲ್ಯು. ಆರ್. ಹಿಲ್ ಮುಂದಾಳತ್ವದಲ್ಲಿ ಏಳು ಜನರ ಟೌನ್ ಕಂಪನಿ ಹುಟ್ಟಿತು. ಏಳರಲ್ಲಿ ಆರು ಮಂದಿ ಕಪ್ಪು ಜನ. 160 ಎಕರೆಯಲ್ಲಿ ಊರಿನ ನಕ್ಷೆ ಬರೆದು ಕೆಂಟಕಿಯ ಚರ್ಚುಗಳಲ್ಲಿ ಪ್ರಚಾರ ಮಾಡಿದರು. ದಕ್ಷಿಣದ ರಾಜ್ಯಗಳಿಂದ ಕೇಂದ್ರದ ಸೈನ್ಯ ವಾಪಸಾಗಿ ಕಪ್ಪು ಜನರ ರಕ್ಷಣೆ ಕೈಬಿಟ್ಟುಹೋದ ವರ್ಷ ಅದು. ಸೆಪ್ಟೆಂಬರ್‌ನಲ್ಲಿ ಲೆಕ್ಸಿಂಗ್ಟನ್ ಕಡೆಯಿಂದ ಮುನ್ನೂರರಷ್ಟು ಜನ ಎಲ್ಲಿಸ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಉತ್ತರಕ್ಕೆ ಎರಡು ದಿನ ನಡೆದರು. ಮರುವರ್ಷ ವಸಂತದಲ್ಲಿ ಜಾರ್ಜ್‌ಟೌನ್ ಕಡೆಯವರು ಬಂದಾಗ ಎಲ್ಲಿಸ್‌ನಲ್ಲೇ ದಡಾರ ಬಂದು ಮಕ್ಕಳು ಸತ್ತರು. ಆ ಗುಂಪಿನಲ್ಲಿದ್ದ ವಿಲಿಯಾನಾ ಹಿಕ್‌ಮನ್ ಆಮೇಲೆ ನೆನಪಿಸಿಕೊಂಡದ್ದು ಹೀಗೆ: ನಿಕೊಡೀಮಸ್ ಬಂತೆಂದು ಗಂಡಸರು ಕೂಗಿದಾಗ ಕಣ್ಣರಳಿಸಿ ನೋಡಿದರೂ ಊರು ಕಾಣಲಿಲ್ಲ, ಗಂಡ ಬೆರಳು ತೋರಿಸಿದ್ದು ನೆಲದಿಂದ ಏಳುತ್ತಿದ್ದ ಹೊಗೆಯನ್ನು. ಆಕೆ ಅತ್ತುಬಿಟ್ಟರು.

ಹೊಗೆ ನೆಲದಿಂದ ಬಂದದ್ದು ಮನೆಗಳು ನೆಲದೊಳಗೆ ಇದ್ದದ್ದರಿಂದ. ದಿಬ್ಬದ ಮಗ್ಗುಲನ್ನು ಕೊರೆದು, ಮೇಲೆ ಕೊಂಬೆ, ಹುಲ್ಲು, ಮಣ್ಣು ಹೊದಿಸಿ, ಮುಂದೆ ಬಾಗಿಲು ಇಟ್ಟರೆ ಒಂದು ಗೂಡು. ಸ್ವಲ್ಪ ಅನುಕೂಲವಾದ ಮೇಲೆ ಕಟ್ಟಿದ್ದು ಹೆಂಟೆಯ ಮನೆ. ಬಫೆಲೊ ಹುಲ್ಲಿನ ಬೇರು ನೆಲವನ್ನು ಚಾಪೆಯಂತೆ ಹೆಣೆದಿರುತ್ತದೆ. ಅದನ್ನು ಸುಮಾರು ಒಂದಡಿ ಅಗಲ, ಎರಡು ಮೂರು ಅಡಿ ಉದ್ದ, ನಾಲ್ಕು ಅಂಗುಲ ದಪ್ಪಕ್ಕೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆಯಂತೆ ಪೇರಿಸುವುದು. ಚಳಿಗೂ ಸೆಕೆಗೂ ಚೆನ್ನ. ಮಳೆ ಬಂದರೆ ಮಾತ್ರ ಹೊರಗೆ ನಿಂತ ಮೇಲೂ ಒಳಗೆ ಸೋರುತ್ತಲೇ ಇರುತ್ತದೆ, ಚಾವಣಿಯಿಂದ ಹಾವೂ ಇಳಿಯಬಹುದು. ಉರುವಲಿಗೆ ಸೂರ್ಯಕಾಂತಿಯ ದಂಟು, ಒಣಗಿದ ಸಗಣಿ. ಮೊದಲ ಚಳಿಗಾಲ ಕಳೆದದ್ದು ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ಮಾಂಸದಲ್ಲಿ ಪಾಲು ಕೊಟ್ಟದ್ದರಿಂದ ಎಂದು ಊರಿನ ಸಂತತಿಯವರು ಇಂದಿಗೂ ಹೇಳುತ್ತಾರೆ. ನೇಗಿಲು, ಕುದುರೆ ಇದ್ದವರು ಬೆರಳೆಣಿಕೆ. ಉಳಿದವರು ಗುದ್ದಲಿ, ಸನಿಕೆಯಲ್ಲಿ ನೆಲ ಬಿಡಿಸಿದರು.

ಚೌಕಕ್ಕೆ ಮಳೆ ಗೊತ್ತಿಲ್ಲ. 160 ಎಕರೆ ಒಂದು ಸಂಸಾರಕ್ಕೆ ಸಾಕೆಂಬುದು ಓಹಾಯೊ, ಇಲಿನಾಯ್ ಕಡೆಯ ಮಳೆ ನೋಡಿದವರ ಅಂದಾಜು. ನಿಕೊಡೀಮಸ್ ಇರುವುದು 100ನೇ ರೇಖಾಂಶದ ಹೊಸಿಲಲ್ಲಿ. ವರ್ಷಕ್ಕೆ ಇಪ್ಪತ್ತು ಅಂಗುಲಕ್ಕಿಂತ ತುಸು ಹೆಚ್ಚು ಮಳೆ, ಅದೂ ನಂಬುವಂಥದ್ದಲ್ಲ. ಈ ರೇಖೆಯಿಂದ ಪಶ್ಚಿಮಕ್ಕೆ ನೀರಾವರಿ ಇದ್ದರೆ 80 ಎಕರೆ ಸಾಕು, ಬರೀ ಹುಲ್ಲುಗಾವಲಾದರೆ 2,560 ಎಕರೆ ಬೇಕು, ಗಡಿಗಳನ್ನು ಚೌಕದಂತಲ್ಲದೆ ನೀರು ಹರಿಯುವ ಜಾಡಿಗೆ ಹೊಂದಿಸಬೇಕು ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಸರ್ಕಾರಕ್ಕೆ ವರದಿ ಕೊಟ್ಟದ್ದು 1878ರಲ್ಲಿ. ನಿಕೊಡೀಮಸ್‌ನವರು ಮೊದಲ ಬೆಳೆಗೆ ಸನಿಕೆ ಹಿಡಿದ ವರ್ಷ. ಯಾರೂ ಕೇಳಲಿಲ್ಲ. ದಕ್ಷಿಣಕ್ಕೆ ಸಾಲೊಮನ್ ನದಿಯ ದಕ್ಷಿಣ ಕವಲು ಹರಿಯುತ್ತದೆ. ಅದರ ತಗ್ಗು ನೆಲ ಹಿಡಿದವನ ಕಾಲು ಸೆಕ್ಷನ್ನಿಗೂ ಮೇಲಿನ ಬಯಲು ಹಿಡಿದವನ ಕಾಲು ಸೆಕ್ಷನ್ನಿಗೂ ಕಾಗದದಲ್ಲಿ ವ್ಯತ್ಯಾಸವಿಲ್ಲ, ಕಣಜದಲ್ಲಿ ಬಹಳ.

ಹಾಗಿದ್ದೂ ಊರು ನಿಂತಿತು, ಏಕೆಂದರೆ ಎರಡನೆಯ ಅರ್ಥದ ಟೌನ್‌ಶಿಪ್ಪನ್ನೂ ಜನ ಕಟ್ಟಿಕೊಂಡರು. 1880ರಲ್ಲಿ ಗ್ರಹಾಂ ಕೌಂಟಿಯ ಆಡಳಿತ ಶುರುವಾಯಿತು. ಕಾನ್ಸಾಸ್‌ನ ಟೌನ್‌ಶಿಪ್ಪಿಗೆ ಮೂವರು ಅಧಿಕಾರಿಗಳು: ಟ್ರಸ್ಟಿ, ಗುಮಾಸ್ತ, ಖಜಾಂಚಿ. ಆ ಕಾಲಕ್ಕೆ ಆಸ್ತಿಗೆ ತೆರಿಗೆಯ ಬೆಲೆ ಕಟ್ಟುವುದು ಟ್ರಸ್ಟಿಯ ಕೆಲಸ, ರಸ್ತೆಯೂ ಟೌನ್‌ಶಿಪ್ಪಿನದೇ. ನಮ್ಮ ಗ್ರಾಮ ಪಂಚಾಯಿತಿ ಎಂದುಕೊಂಡರೆ ಅರ್ಧ ಸರಿ. ಮೇಲಿನಿಂದ ಬರುವ ಅನುದಾನ, ಯೋಜನೆಗಳ ಪಟ್ಟಿ ಅಲ್ಲಿರಲಿಲ್ಲ. ಇದ್ದದ್ದು ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹಾಕಿಕೊಳ್ಳುವ, ಸಾಲಪತ್ರ ಹೊರಡಿಸುವ ಅಧಿಕಾರ. ಹತ್ತಿಪ್ಪತ್ತು ವರ್ಷದ ಹಿಂದೆ ಸ್ವತಃ ಆಸ್ತಿಯೆಂದು ಎಣಿಸಲ್ಪಟ್ಟಿದ್ದವರು ಆಸ್ತಿಗೆ ಬೆಲೆ ಕಟ್ಟುವವರಾದರು ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಇಲ್ಲಿಂದ ಮೇಲೆ ಬಂದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕ ಪರಿಶೋಧಕರಾಗಿ ಚುನಾಯಿತರಾದರು.

ಅದೇ ಅಧಿಕಾರದಿಂದ ಅವರು ಒಂದು ದೊಡ್ಡ ಪಂಥ ಕಟ್ಟಿದರು. 1887ರಲ್ಲಿ ಮಿಸೌರಿ ಪೆಸಿಫಿಕ್ ರೈಲನ್ನು ಊರಿಗೆ ಕರೆತರಲು 16,000 ಡಾಲರ್ ಸಾಲಪತ್ರಕ್ಕೆ ಟೌನ್‌ಶಿಪ್ಪಿನ ಮತದಾರರು ಒಪ್ಪಿಗೆ ಕೊಟ್ಟರು. ಆಗ ಊರಲ್ಲಿ ಎರಡು ಪತ್ರಿಕೆ, ಹೋಟೆಲು, ಅಂಗಡಿ ಎಲ್ಲ ಇದ್ದವು. ಮಿಸೌರಿ ಪೆಸಿಫಿಕ್ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಬಂತು, ಆದರೆ ಸಾಲೊಮನ್ ನದಿಯ ದಕ್ಷಿಣಕ್ಕೆ. ಅಲ್ಲಿ ಬೋಗ್ ಎಂಬ ಊರು ಎದ್ದಿತು. ನಿಕೊಡೀಮಸ್‌ನಿಂದ ಪಶ್ಚಿಮಕ್ಕೆ ಸುಮಾರು ನಾಲ್ಕು ಮೈಲಿ, ದಕ್ಷಿಣಕ್ಕೆ ಎರಡು. ಹಕ್ಕಿಗೆ ನಾಲ್ಕೂವರೆ ಮೈಲಿ. ಸೆಕ್ಷನ್ ಗೆರೆಯ ದಾರಿ ಹಿಡಿಯಬೇಕಾದ ಗಾಡಿಗೆ ಆರು. ಅಂಗಡಿಯವರು ಒಬ್ಬೊಬ್ಬರಾಗಿ ಹೊರಟರು, ಕೆಲವರು ಕಟ್ಟಡ ಬಿಚ್ಚಿಕೊಂಡೇ ಹೋದರು. ದಲ್ಲಾಳಿ ಹಿಲ್ ಹೆಸರಿನ ಹಿಲ್ ಸಿಟಿ ಮಾತ್ರ ಕೌಂಟಿಯ ಮುಖ್ಯಪಟ್ಟಣವಾಗಿ ಚೆನ್ನಾಗಿಯೇ ಬಾಳಿತು.

ರೈತರು ಅಷ್ಟು ಬೇಗ ಹೊರಡಲಿಲ್ಲ. ಅಂಗಡಿಯನ್ನು ಬಂಡಿಗೆ ಹೇರಬಹುದು, ಕಾಲು ಸೆಕ್ಷನ್ನನ್ನು ಹೇರಲಾಗದು. ಅವರನ್ನು ಕದಲಿಸಿದ್ದು 1930ರ ದಶಕದ ಧೂಳಿನ ಬರ. ಅಂಚೆ ಕಚೇರಿ 1953ರಲ್ಲಿ ಮುಚ್ಚಿತು. 1996ರ ನವೆಂಬರ್‌ನಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಹೆದ್ದಾರಿ 24ರ ಪಕ್ಕ ಐದು ಕಟ್ಟಡ ಗುರುತಿಸಿದ್ದಾರೆ: ಎರಡು ಚರ್ಚು, ಒಂದು ಶಾಲೆ, ಹಳೆಯ ಹೋಟೆಲು, ಟೌನ್‌ಶಿಪ್ ಹಾಲ್. ಈ ಹಾಲ್ 1939ರಲ್ಲಿ ಸರ್ಕಾರದ ನಿರುದ್ಯೋಗ ಪರಿಹಾರದ ಕಾಮಗಾರಿಯಲ್ಲಿ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಿದ್ದು. ಟೌನ್‌ಶಿಪ್ಪಿನ ಸಭೆ, ಮತದಾನ ನಡೆದ ಜಾಗ. ಬಂದವರು ಊರಿನ ಕಥೆ ಕೇಳುವುದೂ ಅಲ್ಲೇ. ಜುಲೈ ಕೊನೆಯ ವಾರಾಂತ್ಯದಲ್ಲಿ ಹೋದರೆ ದೇಶದ ಮೂಲೆಮೂಲೆಯಿಂದ ಬಂದ ಸಂತತಿಯವರು ಸಿಗುತ್ತಾರೆ. ವಿಮೋಚನೆಯ ಹಬ್ಬವನ್ನು ಊರು ಬಿಟ್ಟವರೂ ಬಿಟ್ಟಿಲ್ಲ.

ಮೂಲೆಗಲ್ಲು ನೋಡುವ ಆಸೆಯಿದ್ದರೆ ಹೊಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ರಸ್ತೆಗಳು ಗೆರೆಯ ಮೇಲೇ ಬಂದದ್ದರಿಂದ ಕಲ್ಲುಗಳು ನಾಲ್ಕುದಾರಿ ಕೂಡುವಲ್ಲಿ, ಜಲ್ಲಿಯ ಕೆಳಗೆ ಹೂತಿವೆ. ದಾರಿ ಮಟ್ಟ ಮಾಡುವ ಯಂತ್ರದ ಅಲಗು ತಾಗಿ ಎಷ್ಟೋ ಕಲ್ಲು ಎದ್ದುಹೋಗಿವೆ. ಮೋಜಣಿಯವರು ಹಳೆಯ ಟಿಪ್ಪಣಿ ಹಿಡಿದು ಅಗೆದು, ಸಿಕ್ಕ ಕಲ್ಲಿನ ಮಣ್ಣು ಒರೆಸಿ, ಮೊದಲು ಬೆರಳಾಡಿಸುವುದು ದಕ್ಷಿಣದ ಅಂಚಿನ ಮೇಲೆ.